ಹನ್ನೊಂದನೆಯ ಮಹಡಿಯಲ್ಲಿ ಕೂತ ಸಟಿವೆವ್ವ

ಬೆಳಗಿನ ಆರರ ಬಸ್ಸಿಗೆ ನಾನು ಐದಕ್ಕೇ ವಿಜಯಪುರದ ನಿಲ್ದಾಣದಲ್ಲಿದ್ದೆ. ಇದು ಶಿಸ್ತಲ್ಲ, ದಿಗಿಲು. ಬಸ್ಸು ಬೇಗ ಬಂದು ಬೇಗ ಹೊರಟುಬಿಟ್ಟರೆ ಎಂಬ ಚಿಂತೆ ನನ್ನನ್ನು ವರ್ಷಗಳಿಂದ ಎಲ್ಲ ನಿಲ್ದಾಣಗಳಲ್ಲೂ ಕಾಯಿಸಿದೆ. ಇದುವರೆಗೆ ಒಂದು ಬಸ್ಸೂ ಹಾಗೆ ಮಾಡಿಲ್ಲ. ಈ ಸಲ ಚಿಂತೆಗೆ ಗಟ್ಟಿ ಕಾರಣವೂ ಇತ್ತು. ನನ್ನ ಕೈಯಲ್ಲೊಂದು ಚೀಲ, ಚೀಲದಲ್ಲೊಂದು ಕಲ್ಲು. ಪುಣೆಯ ಮನೆ ಮುಟ್ಟುವತನಕ ಆ ಕಲ್ಲನ್ನು ನೆಲಕ್ಕೆ ಇಡುವಂತಿರಲಿಲ್ಲ.

ಕಲ್ಲೆಂದರೆ ನಮ್ಮಕ್ಕ ಗಂಗಕ್ಕನ ಅಡಿಗೆಮನೆಯ ಗುಂಡುಕಲ್ಲು. ಹಾಸುಗಲ್ಲಿನ ಮೇಲೆ ಹಿಂದೆ ಮುಂದೆ ಎಳೆದು ಖಾರ, ಚಟ್ನಿ ಅರೆಯುತ್ತೇವಲ್ಲ, ಅದು. ಮೊಳಕ್ಕಿಂತ ಗಿಡ್ಡ, ಕಪ್ಪು, ಎರಡೂ ತುದಿ ಕೈಯಾಡಿ ಕೈಯಾಡಿ ಹೊಳಪಾಗಿದೆ. ನಮ್ಮ ಕಡೆ ಕೂಸು ಹುಟ್ಟಿದ ಆರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಈ ಗುಂಡನ್ನೇ ತೊಳೆದು, ಅರಿಸಿನ ಬಳಿದು, ಕಾಡಿಗೆಯಿಂದ ಕಣ್ಣು ತೀಡಿ, ಕುಪ್ಪಸದ ಖಣ ಹೊದಿಸಿ ನಿಲ್ಲಿಸುತ್ತಾರೆ. ಆ ಒಂದು ರಾತ್ರಿಯ ಮಟ್ಟಿಗೆ ಅವಳು ಸಟಿವೆವ್ವ, ಕೂಸಿನ ಹಣೆಬರಹ ಬರೆಯುವ ತಾಯಿ. ಮರುದಿನ ತೊಳೆದರೆ ಮತ್ತೆ ಬೆಳ್ಳುಳ್ಳಿ ಜಜ್ಜುವ ಕಲ್ಲು. ಪೂಜೆಯೆಲ್ಲ ಹೆಂಗಸರದು. ಗಂಡಸರು ಪೂಜೆ ನಡೆಯುವ ಕೋಣೆಯ ಹತ್ತಿರ ಸುಳಿಯುವಂತಿಲ್ಲ. ಐವತ್ತು ದಾಟಿದ ನಾನು ಒಮ್ಮೆಯೂ ಅದನ್ನು ಕಂಡವನಲ್ಲ.

ಪುಣೆಯ ಹಡಪಸರದಲ್ಲಿ ಇರುವವಳು ಅಕ್ಕನ ಮಗಳು ವೈಶಾಲಿ. ಗಂಡ ನಿಖಿಲ ಮರಾಠಿಯವ, ಸಾಸವಡದ ಕಡೆಯವ. ಮೂರು ವರ್ಷದ ಹಿಂದೆ ಇವರಿಗೊಂದು ಗಂಡುಕೂಸು ಹುಟ್ಟಿ ಐದನೆಯ ದಿನ ಹೋಗಿಬಿಟ್ಟಿತ್ತು. ನಿಖಿಲನ ತಾಯಿ ಕುಸುಮತಾಯಿ ಸಾಸವಡದ ತಮ್ಮ ಮನೆಯಿಂದ ಗುಂಡುಕಲ್ಲು ತಂದು ತೊಳೆದಿಟ್ಟಿದ್ದರಂತೆ. ಆರನೆಯ ದಿನ ಬರಲೇ ಇಲ್ಲ. ಆ ಕಲ್ಲನ್ನು ಮತ್ತೆ ಹೊರತೆಗೆಯುವುದು ಯಾರಿಗೂ ಬೇಡವಾಗಿತ್ತು.

ಈಗ ಹೆಣ್ಣುಮಗು. ಆರೋಗ್ಯವಾಗಿದೆ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ್ದರು. ಪೂಜೆಗೀಜೆ ಏನೂ ಬೇಡ ಎಂದು ವೈಶಾಲಿ ಮೊದಲೇ ಹೇಳಿದ್ದಳು. ಆದರೆ ಹೆತ್ತ ದಿನದಿಂದ ಅವಳು ಕಣ್ಣು ಮುಚ್ಚಿರಲಿಲ್ಲ. ಕೂಸಿನ ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಎಣಿಸುತ್ತ ಕೂತಿರುತ್ತಾಳೆ, ಕೈ ತೆಗೆ ಎಂದರೆ ಅಳುತ್ತಾಳೆ ಎಂದು ನಿಖಿಲ ಫೋನಿನಲ್ಲಿ ಹೇಳಿದ್ದ. ಐದನೆಯ ದಿನದ ಸಂಜೆ ಅವಳೇ ನನಗೆ ಫೋನು ಮಾಡಿದಳು. ಅವಳವ್ವನಿಗೆ ಮೊಣಕಾಲಿನ ಆಪರೇಷನ್ ಆಗಿ ಹಾಸಿಗೆಯಲ್ಲಿದ್ದುದು ಅವಳಿಗೆ ಗೊತ್ತಿತ್ತು.

"ಮಾಮಾ, ಅವ್ವನ ಗುಂಡ ತಗೊಂಡ ನಾಳೆ ಸಂಜೀ ಒಳಗ ಬರ್ತೀ ಏನು?" ಎಂದಳು. ಯಾಕೆ, ಏನು ಎಂದು ನಾನು ಕೇಳಲಿಲ್ಲ.

ಗಂಗಕ್ಕ ಮಂಚದ ಮೇಲೆ ಕೂತೇ ಗುಂಡಿಗೆ ಅರಿಸಿನ ಕುಂಕುಮ ಹಚ್ಚಿದಳು. ಮನೆಯ ಹೆಣ್ಣುಮಗಳೇ ಕರೆಯಬೇಕಂತೆ, ಇಲ್ಲದಿದ್ದರೆ ಬರುವವಳಲ್ಲವಂತೆ. ಆಮೇಲೆ ನನಗೆ ತಾಕೀತು ಮಾಡಿದಳು.

"ಇನ್ನ ಇದು ಕಲ್ಲಲ್ಲ ತಮ್ಮಾ. ನೆಲಕ್ಕ ಇಟ್ಟಿ ಅಂದ್ರ ಅಲ್ಲೇ ಕುಂದರತಾಳ. ಪೂಜಿ ಮುಗಿಯೂತನಾ ಏಳಂಗಿಲ್ಲ. ನಿನಗ ಮರವು ಭಾಳ. ಚಪ್ಪಲ ಬಿಟ್ಟ ಮರತರ ನಡದೀತು, ಇದು ಮರತರ ನಡಿಯಂಗಿಲ್ಲ."

ಹೀಗೆ ನಾನು ದೇವಿಯ ಹಮಾಲನಾಗಿ ಬಸ್ಸು ಹತ್ತಿದೆ. ಬಲಗಡೆ ಕಿಟಕಿಯ ಸೀಟು. ಕಂಡಕ್ಟರು ಚೀಲವನ್ನು ಮೇಲೆ ಇಡಲು ಹೇಳಿದ. ಆಗುವುದಿಲ್ಲ ಎಂದೆ. ಹಾಗಾದರೆ ಕಾಲ ಕೆಳಗೆ ಇಡಲು ಹೇಳಿದ. ಅದಂತೂ ಆಗುವುದೇ ಇಲ್ಲ ಎಂದೆ. ಅವನು ಚೀಲದೊಳಗೆ ಇಣುಕಿ ನೋಡಿ, ಕುಂಕುಮ ಕಂಡು, ಎರಡು ಹೆಜ್ಜೆ ಹಿಂದೆ ಸರಿದು ತಲೆ ಕೆರೆದುಕೊಂಡ.

"ಕಲ್ಲಾದ್ರ ಲಗೇಜ್ ಹರೀಬೇಕ್ರಿ, ದೇವ್ರಾದ್ರ ಫುಲ್ ಟಿಕೆಟ್ ಹರೀಬೇಕು. ಯಾವ್ದ ಹರೀಲಿ ಹೇಳ್ರಿ ನೀವ."

ಮಡಿಲ ಮೇಲಿನ ಕೂಸಿಗೆ ಟಿಕೆಟ್ ಇಲ್ಲವಲ್ಲ, ಹಾಗೆಂದುಕೊಳ್ಳಿ ಎಂದೆ. ಅವನು ನಕ್ಕು ಪುಣೆಗೆ ಒಂದೇ ಟಿಕೆಟ್ ಕೊಟ್ಟ. ಆರುನೂರಕ್ಕೆ ತುಸು ಕಡಿಮೆ. ದಾರಿ ಮುನ್ನೂರೈವತ್ತು ಕಿಲೋಮೀಟರಿನ ಆಜೂಬಾಜು. ಎಲ್ಲ ಸರಿಯಿದ್ದರೆ ಮಧ್ಯಾಹ್ನ ಮೂರಕ್ಕೆ ಹಡಪಸರ. ದೀಪ ಹಚ್ಚುವ ಹೊತ್ತಿಗೆ ಮೂರು ತಾಸು ಕೈಯಲ್ಲಿ ಉಳಿಯುತ್ತದೆ. ಎಲ್ಲ ಸರಿಯಿರದಿದ್ದರೆ ಏನೇನಾಗಬಹುದು ಎಂಬುದನ್ನು ನಾನು ಸೊಲ್ಲಾಪುರ ಬರುವತನಕ ಕ್ರಮವಾಗಿ ಯೋಚಿಸಿದೆ: ಟೈರು, ರಸ್ತೆ ತಡೆ, ಡ್ರೈವರನ ಹೊಟ್ಟೆನೋವು. ಕೊನೆಗೆ ಬಸ್ಸು ಭೀಮಾ ನದಿಗೆ ಬಿದ್ದು ಎಲ್ಲರೂ ಪಾರಾಗಿ ಕಲ್ಲು ಮಾತ್ರ ಮುಳುಗುವುದು.

ಸೊಲ್ಲಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಒಂದು ಕೈಯಲ್ಲಿ ಚೀಲ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ವಡಾಪಾವ್ ತಿಂದೆ. ಚಟ್ನಿ ಅಂಗಿಯ ಮೇಲೆ ಬಿತ್ತು. ಅರೆಯುವವಳೇ ಮಡಿಲಲ್ಲಿರುವಾಗ ಅದಕ್ಕೆ ಬೇಸರಪಡಬಾರದೆಂದು ಸುಮ್ಮನಾದೆ. ಹೊರಗೆ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಕಬ್ಬಿನ ಗದ್ದೆಗಳು ರಸ್ತೆಯ ತನಕ ಬಂದು ನಿಂತಿದ್ದವು.

ತೊಡೆ ಜೋಮು ಹಿಡಿದಾಗ ನನಗೆ ನಮ್ಮಜ್ಜನ ನೆನಪಾಯಿತು. ಅಜ್ಜ ಸುಧಾರಕರು. ಹಳ್ಳಿಯ ಮನೆಯಲ್ಲಿದ್ದ ಅಮ್ಮಂದಿರ ಹಿತ್ತಾಳೆಯ ಮುಖಗಳು, ಬೇವಿನ ಕಟ್ಟೆಯ ಕಲ್ಲುಗಳು ಎಲ್ಲವನ್ನೂ ಬಾವಿಗೆ ಹಾಕಿಸಿ, ಇನ್ನು ಈ ಮನೆಯಲ್ಲಿ ಕ್ಷುದ್ರ ದೇವತೆಗಳ ಸುಳಿವಿರಬಾರದು ಎಂದು ಸಾರಿದ್ದರಂತೆ. ಅಜ್ಜಿ ಎದುರಾಡಲಿಲ್ಲ. ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಆರನೆಯ ಸಂಜೆ ಅಡಿಗೆಮನೆಯ ಬಾಗಿಲು ಹಾಕಿಕೊಂಡು, ಬಾಣಂತಿಯ ಖಾರ ಅರೆಯುತ್ತಿದ್ದೇನೆ ಎಂದು ಅಜ್ಜನಿಗೆ ಹೇಳುತ್ತಿದ್ದಳು. ಅಜ್ಜ ದಿನಾಲೂ ರೊಟ್ಟಿಗೆ ಹಚ್ಚಿಕೊಂಡು ತಿಂದದ್ದು ಅದೇ ಕಲ್ಲು ಅರೆದ ಚಟ್ನಿಯನ್ನು. ಮನೆಯಲ್ಲಿ ಯಾವ ದೇವತೆಯೂ ಉಳಿದಿಲ್ಲ ಎಂಬ ಸಮಾಧಾನದಲ್ಲೇ ಅವರು ತೀರಿಕೊಂಡರು.

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಮಕ್ಕಳನ್ನು ಐಹೊಳೆಗೆ ಕರೆದೊಯ್ದು ಸಪ್ತಮಾತೃಕೆಯರ ಚಿತ್ರ ಬರೆಸಿದ್ದೇನೆ. ಏಳು ಮಂದಿ ತಾಯಂದಿರು ಸಾಲಾಗಿ ನಿಂತಿದ್ದಾರೆ. ಒಬ್ಬಳಿಗೆ ಮೂಗಿಲ್ಲ, ಒಬ್ಬಳಿಗೆ ಕೈಯಿಲ್ಲ. ಯಾರು ಒಡೆದರು, ಯಾವಾಗ ಒಡೆದರು ಎಂದು ಮಕ್ಕಳು ಕೇಳಿದರೆ ನನಗೆ ತೋಚಿದ್ದು ಹೇಳುತ್ತಿದ್ದೆ. ಅಡಿಗೆಮನೆಯ ಗುಂಡಿಗೆ ಮೂಗೇ ಇಲ್ಲ. ಒಡೆಯಲು ಬಂದವನು ಎಲ್ಲಿ ಹೊಡೆಯಬೇಕು? ರಾಜರು ಬಂದರು, ಹೋದರು, ಗುಡಿ ಎದ್ದವು, ಬಿದ್ದವು, ನಮ್ಮಜ್ಜನಂಥವರೂ ಆಗಿಹೋದರು. ಇವಳು ಮಾತ್ರ ಒಲೆಯ ಪಕ್ಕದಲ್ಲಿ ಮೆಣಸಿನಕಾಯಿಯ ಖಾರ ಮೆತ್ತಿಕೊಂಡು ಯಾರ ಕಣ್ಣಿಗೂ ಬೀಳದೆ ಇದ್ದುಬಿಟ್ಟಳು. ಇದನ್ನು ಮಕ್ಕಳಿಗೆ ಹೇಳಿಕೊಡಬೇಕಿತ್ತು ಎಂದು ಟೆಂಭುರ್ಣಿ ದಾಟುವಾಗ ಅನಿಸಿತು. ರಸ್ತೆಯ ಮುಂದಿನ ಗುಂಡಿಯಲ್ಲಿ ಬಸ್ಸು ಎಗರಿ ಸಟಿವೆವ್ವ ನನ್ನ ಹೊಟ್ಟೆಗೆ ಗುದ್ದಿದಳು. ತತ್ವಚಿಂತನೆ ಅಲ್ಲಿಗೆ ನಿಂತಿತು.

ಇಂದಾಪುರದಲ್ಲಿ ಒಬ್ಬರು ಮುದುಕಿ ಹತ್ತಿ ನನ್ನ ಪಕ್ಕ ಕೂತರು. ಹಸಿರು ನೂಲಿನ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಭಿಗವಣದ ಹತ್ತಿರ ಬಸ್ಸು ಊಟಕ್ಕೆ ನಿಂತಾಗ ನನಗೆ ಬೇರೆಯೇ ತುರ್ತು. ಚೀಲವನ್ನು ಮೂತ್ರಖಾನೆಗೆ ಒಯ್ಯುವುದೇ? ಸೀಟಿನ ಮೇಲೆ ಬಿಟ್ಟು ಹೋಗುವುದೇ? ನಾನು ಎದ್ದು, ಕೂತು, ಮತ್ತೆ ಎದ್ದು ಒದ್ದಾಡುವುದನ್ನು ನೋಡಿ ಅವರೇ ಕೇಳಿದರು. ನನ್ನ ಹರಕು ಮರಾಠಿಯಲ್ಲಿ ಇದ್ದದ್ದು ಹೇಳಿದೆ. ಅವರು ಸೆರಗು ಸರಿಪಡಿಸಿಕೊಂಡು ಎರಡೂ ಕೈ ಚಾಚಿದರು.

"ಮಾಝ್ಯಾ ಮಾಂಡೀವರ ದ್ಯಾ," ನನ್ನ ತೊಡೆಯ ಮೇಲೆ ಕೊಡಿ ಎಂದರು. ಕೊಟ್ಟು ಓಡಿದೆ.

ತಿರುಗಿ ಬಂದು ನೋಡಿದರೆ ಕಲ್ಲು ಚೀಲದಿಂದ ಹೊರಬಂದಿತ್ತು. ಮುದುಕಿ ಅದನ್ನು ಮಲಗಿದ ಮಗುವಿನಂತೆ ಅಡ್ಡಲಾಗಿ ಹಿಡಿದು ಸೆರಗು ಹೊದಿಸಿಕೊಂಡಿದ್ದರು. ಹಿಂದಿನ ಸೀಟಿನ ಇಬ್ಬರು ಹೆಂಗಸರು ಬಂದು ಕೈಮುಗಿದು ಹೋಗಿದ್ದರಂತೆ. ಎರಡು ಬಾಳೆಹಣ್ಣು ಚೀಲ ಸೇರಿದ್ದವು. ಮುಂದಿನ ದಾರಿಯುದ್ದಕ್ಕೂ ಅವರು ಕಲ್ಲನ್ನು ನನಗೆ ಮರಳಿಸಲಿಲ್ಲ. ನನಗೂ ತೊಡೆ ಹಗುರಾಗಿತ್ತು, ಕೇಳಲಿಲ್ಲ.

ಬಲಗಡೆಗೆ ಉಜನಿ ಅಣೆಕಟ್ಟಿನ ಹಿನ್ನೀರು ಕಂಡಾಗ ಅವರು ಗಲ್ಲದಿಂದ ಆ ಕಡೆ ತೋರಿಸಿದರು. ತಮ್ಮ ತವರೂರು ಅದರ ಅಡಿಯಲ್ಲಿದೆ ಎಂದರು. ನೀರು ಬರುವ ಮೊದಲು ಸರಕಾರದವರು ಬಂದು ಊರಿನ ಗುಡಿ ಅಳೆದು, ದೇವರನ್ನು ಗಾಡಿಯಲ್ಲಿ ಹೇರಿ, ಎತ್ತರದ ಮೇಲೆ ಹೊಸ ಗುಡಿ ಕಟ್ಟಿಸಿಕೊಟ್ಟರು. ಹೊಳೆಯ ದಂಡೆಯ ಏಳು ಕಲ್ಲುಗಳನ್ನು ಯಾರೂ ಅಳೆಯಲಿಲ್ಲ. ಅವು ಸಾತಿ ಆಸರಾ, ನೀರು ಕಾಯುವ ಏಳು ಅಕ್ಕತಂಗಿಯರು. ಅಳೆಯುವವರ ಕಣ್ಣಿಗೆ ಬರೀ ಕಲ್ಲು. ಮುದುಕಿಯ ತಾಯಿ ಮತ್ತು ಓಣಿಯ ಹೆಂಗಸರು ಒಬ್ಬೊಬ್ಬರು ಒಂದೊಂದನ್ನು ಹಿಟ್ಟಿನ ಬುಟ್ಟಿಯಲ್ಲಿ ಮುಚ್ಚಿಕೊಂಡು ತಂದರು. ಹೊಸ ಊರಿನಲ್ಲಿ ಬೋರ್‌ವೆಲ್ ಪಕ್ಕ ಸಾಲಾಗಿ ಕೂರಿಸಿದರು.

ಆ ಹೆಂಗಸರ ಗಂಡಂದಿರು ಅದನ್ನು ನೋಡಿ ಏನೂ ಅನ್ನಲಿಲ್ಲವೇ ಎಂದು ಕೇಳಿದೆ. ಗಂಡಸರಿಗೆ ಹಿಟ್ಟಿನ ಬುಟ್ಟಿ ಎತ್ತಿ ನೋಡುವ ರೂಢಿ ಎಲ್ಲಿದೆ ಎಂದು ಮುದುಕಿ ನಕ್ಕರು. ಯವತದಲ್ಲಿ ಇಳಿಯುವಾಗ ಕಲ್ಲನ್ನು ನನ್ನ ತೊಡೆಗೆ ಒಪ್ಪಿಸಿ, ಕೂಸಿಗೆ ದೃಷ್ಟಿ ತೆಗೆಯಿರಿ ಎಂದು ಹೇಳಿ, ನನ್ನನ್ನಲ್ಲ, ಚೀಲವನ್ನು ಮುಟ್ಟಿ ನಮಸ್ಕಾರ ಮಾಡಿ ಇಳಿದುಹೋದರು.

ಲೋಣಿ ದಾಟಿದ ಮೇಲೆ ಪುಣೆ ಶುರುವಾಗುತ್ತದೆ, ಅಂದರೆ ಬಸ್ಸು ನಿಲ್ಲುತ್ತದೆ. ಮೂರಕ್ಕೆ ಮುಟ್ಟಬೇಕಾದವನು ಹಡಪಸರದ ಗಾಡಿತಳ ನಿಲ್ದಾಣದಲ್ಲಿ ಇಳಿದಾಗ ಐದಾಗಿತ್ತು. ಫ್ಲೈಓವರಿನ ಕೆಳಗೆ ಲಾರಿ, ಕಂಪನಿ ಬಸ್ಸು, ತರಕಾರಿ ಟೆಂಪೊ ಎಲ್ಲ ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ರಿಕ್ಷಾದವನು ಮೀಟರಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವೈಶಾಲಿ ಎರಡು ಸಲ ಫೋನು ಮಾಡಿದಳು. ಎರಡು ಸಲವೂ ಒಂದೇ ಮಾತು: "ಎಲ್ಲಿದ್ದಿ ಮಾಮಾ?" ಅವಳ ದನಿ ಕಾಗದದಷ್ಟು ತೆಳ್ಳಗಿತ್ತು.

ಅವಳ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ಚೀಲ ಕೆಳಗಿಟ್ಟು ಹೆಸರು ಬರೆಯಲು ಹೇಳಿದ. ಕೆಳಗಿಡದೆ, ಹಲ್ಲಿನಲ್ಲಿ ಚೀಲದ ಹಿಡಿಕೆ ಕಚ್ಚಿಕೊಂಡು ಬರೆದೆ. ಲಿಫ್ಟಿನಲ್ಲಿ ಚೀಲವನ್ನು ಎದೆಗೊತ್ತಿಕೊಂಡು ನಿಂತೆ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಗೆದ್ದವನ ಮುಖ. ಹನ್ನೊಂದನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಎದುರಿಗೇ ವೈಶಾಲಿಯ ಮನೆ, ಬಾಗಿಲ ಪಕ್ಕ ಚಪ್ಪಲಿಯ ಕಪಾಟು. ಕುಸುಮತಾಯಿ ಬಾಗಿಲು ತೆರೆದು "ಯಾ, ಯಾ" ಎಂದು ಬಾಯ್ತುಂಬ ಕರೆದರು. ನಾನು ಬಗ್ಗಿ, ಚೀಲ ಪಕ್ಕಕ್ಕಿಟ್ಟು, ಎರಡೂ ಕೈಯಿಂದ ಬೂಟಿನ ಲೇಸು ಬಿಚ್ಚಿದೆ.

ಒಂದು ಬೂಟು ಬಿಚ್ಚಿಯಾದ ಮೇಲೆ ಹೊಳೆಯಿತು.

ಹಾಗೇ ಕೂತುಬಿಟ್ಟೆ. ಮುನ್ನೂರೈವತ್ತು ಕಿಲೋಮೀಟರು ಕಾಯ್ದವನು ಹೊಸ್ತಿಲಿಂದ ಎರಡು ಮಾರು ಈಚೆ, ಬೂಟುಗಳ ನಡುವೆ, ತಾಯಿಯನ್ನು ಇಳಿಸಿದ್ದೆ. ಕುಸುಮತಾಯಿಗೆ ನನ್ನ ಮುಖ ನೋಡಿಯೇ ಅರ್ಧ ತಿಳಿಯಿತು, ಚೀಲದ ಬಾಯಿ ಸರಿಸಿ ಕುಂಕುಮ ನೋಡಿದಾಗ ಉಳಿದರ್ಧವೂ ತಿಳಿಯಿತು. ಅವರು ಬಾಯಿಗೆ ಸೆರಗು ಹಿಡಿದರು.

"ಬಸಲೀ," ಎಂದರು. "ಆತಾ ಬಸಲೀ ತೀ." ಕೂತಳು, ಇನ್ನು ಅವಳು ಕೂತಳು.

ಸಾಸವಡದಲ್ಲೂ ಇದೇ ಕಟ್ಟಳೆಯಂತೆ. ಎತ್ತಿ ಒಳಗಿಟ್ಟುಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಳಗಿರುವವಳ ದನಿ ನೆನಪಾಗಿ ನುಂಗಿಕೊಂಡೆ. ಅವಳಿಗೆ ಹೇಳದೆ ಎತ್ತಿದರೆ, ನಾಳೆ ಕೂಸು ಒಂದು ಸೀನು ಸೀನಿದರೂ ನಾನು ಜನ್ಮಪೂರ್ತಿ ನಿದ್ದೆಗೆಡುವವ.

ಆ ಮಹಡಿ ಗುಡಿಸುವ ಮಲ್ಲಮ್ಮ ಬಕೆಟ್ಟು ಹಿಡಿದು ಬಂದಳು. ಯಾದಗಿರಿ ಕಡೆಯವಳು, ಗಂಡ ಪಕ್ಕದಲ್ಲೇ ಏಳುತ್ತಿರುವ ಕಟ್ಟಡದಲ್ಲಿ ಗಾರೆ ಕೆಲಸದ ಗೌಂಡಿ. ವಿಷಯ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಮಾಸ್ತರ, ಚಪ್ಲಿ ನಡುವ ಕುಂದರ್ಸಿರಲ್ರೀ ಆಕಿನ್ನ. ನಿಮ್ಮ ಹಣಿಬರಾ ಬರಿಯೂ ಮುಂದ ಆಕಿಗಿ ನಿದ್ದಿ ಬಂದಿತ್ತೇನೋ." ಆಮೇಲೆ ತುಸು ಕನಿಕರದಿಂದ, "ಅಂಜಬ್ಯಾಡ್ರಿ. ನಮ್ಮ ಶೆಡ್ಡಿನಾಗ ಗುಂಡ ಇಲ್ಲದಕ್ಕ ಇಟ್ಟಂಗಿ ಇಟ್ಟ ಮಾಡೀವಿ. ಆಕಿ ಏನೂ ಸಿಟ್ಟಾಗಿಲ್ಲ. ಹುಡುಗ್ರು ಛಂದ ಅದಾವ." ಎಂದಳು.

ಇಟ್ಟಿಗೆ ನಡೆಯುವುದಾದರೆ ಎತ್ತಿದರೂ ನಡೆಯಬೇಕು ಎಂದು ನಾನು ವಾದ ಹೂಡಿದೆ. ಇಟ್ಟಿಗೆಯ ಮಾತು ಬೇರೆ, ಕೂತವಳನ್ನು ಎಬ್ಬಿಸುವ ಮಾತು ಬೇರೆ ಎಂದು ಕುಸುಮತಾಯಿ ಮರಾಠಿಯಲ್ಲಿ, ಮಲ್ಲಮ್ಮ ಕನ್ನಡದಲ್ಲಿ ಒಟ್ಟಿಗೇ ಹೇಳಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬರುವುದಿಲ್ಲ. ಈ ವಿಷಯದಲ್ಲಿ ಅದರ ಅಡಚಣೆಯೇ ಆಗಲಿಲ್ಲ.

ಗದ್ದಲಕ್ಕೆ ಎದುರುಮನೆಯ ಬಾಗಿಲು ತೆರೆಯಿತು. ಸಿಂಚನಾ ಎಂಬ ಹುಡುಗಿ, ಮಂಡ್ಯದವಳು, ಐಟಿ ಕಂಪನಿಯ ಕೆಲಸ, ಕುತ್ತಿಗೆಯಲ್ಲಿ ಹೆಡ್‌ಫೋನು ಜೋತುಬಿದ್ದಿತ್ತು. ಚೀಲದೊಳಗೆ ನೋಡಿ ಅವಳ ಹುಬ್ಬು ಮೇಲೇರಿತು.

"ಅಂಕಲ್, ಇದು ಗುಂಡಪ್ಪ ಅಲ್ವಾ? ನಮ್ ಕಡೆ ನಾಮಕರಣದಲ್ಲಿ ಪಾಪುಗಿಂತ ಮುಂಚೆ ಇದನ್ನೇ ತೊಟ್ಟಿಲಲ್ಲಿ ಮಲಗಿಸ್ತಾರೆ. ನಮ್ಮಜ್ಜಿ ಗುಂಡಪ್ಪ ಗುಂಡಪ್ಪ ಅಂತಿದ್ರು. ಇಷ್ಟು ದಿನ ಗಂಡಸು ಅಂದ್ಕೊಂಡಿದ್ದೆ ನಾನು."

ಅಷ್ಟರಲ್ಲಿ ಒಳಗಿನಿಂದ ವೈಶಾಲಿ ಏನಾಯಿತೆಂದು ಕೇಳಿದಳು. ಉತ್ತರ ಕೊಡಬೇಕಾದವನು ನಾನೇ. ಒಂದು ಕಾಲಿನ ಬೂಟಿನಲ್ಲಿ ಅವಳ ಕೋಣೆಯ ಬಾಗಿಲತನಕ ಹೋದೆ. ಕೂಸು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಅವಳ ಅಂಗೈ ಅದರ ಎದೆಯ ಮೇಲಿತ್ತು. ಕಣ್ಣ ಕೆಳಗೆ ಕಪ್ಪು. ಅವಳು ನನ್ನ ಕೈ ನೋಡಿದಳು. ಕೈ ಬರಿದಾಗಿತ್ತು.

ನಾನು ಹೇಳಿದ್ದು ಕೇಳಿ ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಬೇರೆ ಕಲ್ಲು ತರಿಸಬಹುದು, ಅಕ್ಕನಿಗೆ ಫೋನು ಮಾಡಿ ಪರಿಹಾರ ಕೇಳಬಹುದು, ಅದೂ ಇದೂ ಎಂದು ನಾನು ತೊದಲುತ್ತಲೇ ಇದ್ದೆ.

"ಮಾಮಾ, ಸಾಕು," ಎಂದಳು. "ಹೋದ ಸಲ ಆಕಿ ಬರೂಕಿಂತ ಮೊದಲ ಎಲ್ಲಾ ಮುಗದಿತ್ತು. ಈ ಸಲ ಬಾಗಲತನಕಾ ಬಂದಾಳ. ನಾನ ಹೊರಗ ಬರ್ತೀನಿ."

ಹೊರಗೆ ಗಾಳಿ, ಲಿಫ್ಟಿನ ಸದ್ದು, ಬಾಣಂತಿ, ಆರು ದಿನದ ಕೂಸು ಎಂದೆಲ್ಲ ನಾನು ಶುರುಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ನಿಖಿಲ ಕಾರಿಡಾರಿನ ಕಿಟಕಿಗಳನ್ನು ಮುಚ್ಚಿಕೊಂಡು ಬಂದ.

ಆಮೇಲಿನದು ಬಿರುಸಾಗಿ ನಡೆಯಿತು. ಮಲ್ಲಮ್ಮ ಕಾರಿಡಾರನ್ನು ಎರಡು ಸಲ ಒರೆಸಿದಳು. ಚಪ್ಪಲಿಯ ಕಪಾಟನ್ನು ನಿಖಿಲನೂ ನಾನೂ ಮೆಟ್ಟಿಲ ಕಡೆ ತಳ್ಳಿದೆವು. ಸಿಂಚನಾ ತನ್ನ ಮನೆಯ ಯೋಗದ ಚಾಪೆ ತಂದು ಬಾಣಂತಿ ಕೂರಲು ಹಾಸಿದಳು. ಕುಸುಮತಾಯಿ ಕಲ್ಲನ್ನು ಇದ್ದಲ್ಲೇ ನೆಟ್ಟಗೆ ನಿಲ್ಲಿಸಿ, ಗೋಧಿ ಸುರಿದು, ಹಸಿರು ಖಣ ಹೊದಿಸಿದರು. ಬರೆಯುವವಳಿಗೆ ಖಾಲಿ ಹಾಳೆಯೂ ಪೆನ್ನೂ ಇಡಬೇಕೆಂದರು. ನನ್ನ ಜೇಬಿನಲ್ಲಿ ಪೆನ್ನೂ ಇತ್ತು, ಪೆನ್ಸಿಲೂ ಇತ್ತು. ತಿದ್ದಲು ಅವಕಾಶವಿರಲಿ ಎಂದು ಪೆನ್ಸಿಲು ಕೊಟ್ಟು, ಜೊತೆಗೆ ರಬ್ಬರೂ ಕೊಟ್ಟೆ. ಕುಸುಮತಾಯಿ ಪೆನ್ಸಿಲು ಇಟ್ಟುಕೊಂಡು ರಬ್ಬರು ವಾಪಸು ಮಾಡಿದರು.

ಊದು ಹಾಕುವ ಮೊದಲೇ ನನ್ನ ಕಣ್ಣು ಛಾವಣಿಗೆ ಹೋಯಿತು. ಅಲ್ಲಿ ಹೊಗೆ ಕಂಡರೆ ಕೂಗುವ ಬಿಳಿ ಬಿಲ್ಲೆಯೊಂದಿತ್ತು. ಅದನ್ನು ಹೇಳಿ ಎಲ್ಲರಿಂದ ಬೈಸಿಕೊಂಡೆ. ನಾನು ಹೇಳಿದ್ದು ಸರಿಯೇ ಇತ್ತು. ಯಾರೋ ದೂರಿದ್ದರಿಂದಲೋ ಏನೋ, ಲಿಫ್ಟಿನ ಬಾಗಿಲು ತೆರೆದು ಸೊಸೈಟಿಯ ಸೆಕ್ರೆಟರಿ ಕಾಣಿಸಿದರು. ನಿವೃತ್ತರು, ಇಸ್ತ್ರಿ ಅಂಗಿ, ಕೈಯಲ್ಲಿ ಬೀಗದ ಕೈಗೊಂಚಲು. ಕಾರಿಡಾರು ಎಲ್ಲರದು, ಇಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದು ಹೇಳಲು ಬಂದವರು. ಬಾಗಿಲು ತೆರೆದದ್ದೇ ಎದುರಿಗೆ ಅರಿಸಿನ ಬಳಿದುಕೊಂಡು ಸಟಿವೆವ್ವ ಕೂತಿದ್ದಳು. ಅವರು ಲಿಫ್ಟಿನೊಳಗೇ ಚಪ್ಪಲಿ ಬಿಟ್ಟು ಹೊರಗೆ ಕಾಲಿಟ್ಟರು. ಕಾಲಿಟ್ಟ ಮೇಲೆ ತಾವು ಬಂದ ಕೆಲಸ ನೆನಪಾಯಿತು. ಚಪ್ಪಲಿ ಅಷ್ಟರಲ್ಲಿ ಲಿಫ್ಟಿನ ಜೊತೆ ಕೆಳಗೆ ಹೋಗಿತ್ತು.

"ಸಟವಾಈ ಕಾ?" ಸಟಿವೆವ್ವನೇ ಎಂದು ಕುಸುಮತಾಯಿಯನ್ನು ಮೆಲ್ಲಗೆ ಕೇಳಿದರು. ಹೌದೆಂದು ತಿಳಿದ ಮೇಲೆ, ಊದು ಬೇಡ, ದೀಪ ಒಂದೇ ಇರಲಿ, ಪಕ್ಕದಲ್ಲೊಂದು ಬಕೆಟ್ ನೀರಿಡಿ ಎಂದು ಸೂಚನೆ ಕೊಟ್ಟರು. ಬಾಣಂತಿ ಬರುತ್ತಾಳೆ, ಗಂಡಸರು ನಡೆಯಿರಿ ಎಂದು ಮಲ್ಲಮ್ಮ ಅವರನ್ನೂ ನನ್ನನ್ನೂ ನಿಖಿಲನನ್ನೂ ಮೆಟ್ಟಿಲ ಕಡೆಗೆ ಅಟ್ಟಿ, ನಡುವಿನ ಭಾರದ ಬಾಗಿಲು ಎಳೆದುಕೊಂಡಳು.

ಮೂವರೂ ಮೆಟ್ಟಿಲ ಮೇಲೆ ಕೂತೆವು. ಸೆಕ್ರೆಟರಿ ಬರಿಗಾಲಲ್ಲಿದ್ದರು, ನಾನು ಒಂದು ಬೂಟಿನಲ್ಲಿದ್ದೆ. ಬಾಗಿಲಾಚೆ ಬಳೆಗಳ ಸದ್ದು, ಹೆಂಗಸರ ಗುಜುಗುಜು. ಬೇರೆ ಮನೆಗಳ ಬಾಗಿಲು ತೆರೆಯುವುದು ಕೇಳಿಸಿತು. ಛಠಿ ಎಂದರು ಒಬ್ಬರು ಹಿಂದಿಯಲ್ಲಿ, ಷಷ್ಠಿ ಎಂದರು ಇನ್ನೊಬ್ಬರು. ಯಾರೋ ಹಾಡು ಹೇಳಿದರು. ಮಲ್ಲಮ್ಮನದೇ ದನಿ ಇರಬೇಕು. ಪದ ತಿಳಿಯಲಿಲ್ಲ, ರಾಗ ತೊಟ್ಟಿಲು ತೂಗುವಂತಿತ್ತು.

ಸೆಕ್ರೆಟರಿ ಮರಾಠಿಯಲ್ಲಿ ಮೆಲ್ಲಗೆ ಮಾತಾಡಿದರು. ಅವರಿಗೆ ಐವರು ತಮ್ಮ ತಂಗಿಯರಂತೆ. ಪ್ರತಿ ಸಲವೂ ಆರನೆಯ ಸಂಜೆ ತಂದೆ ಅವರನ್ನು ಅಂಗಡಿಗೆ ಕರೆದೊಯ್ದು ಪೆಪ್ಪರಮಿಂಟು ಕೊಡಿಸುತ್ತಿದ್ದರಂತೆ. ಒಳಗೆ ಏನು ನಡೆಯುತ್ತದೆಂದು ತಂದೆಗೂ ಗೊತ್ತಿರಲಿಲ್ಲ ಎಂದರು. ಗಂಡಸಿಗೆ ಅಲ್ಲಿ ಪ್ರವೇಶ ಆಯುಷ್ಯ ಪೂರ್ತಿ ಒಂದೇ ಸಲ, ತನ್ನ ಆರನೆಯ ದಿನ, ಆಗ ಅವನಿಗೆ ಕಣ್ಣು ನೆಟ್ಟು ನೋಡಲು ಬರುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ನಿಖಿಲ ಮಾತ್ರ ಬಾಗಿಲಿಗೆ ಕಿವಿಯಿಟ್ಟು ಕೂತಿದ್ದ. ಕೂಸು ಒಮ್ಮೆ ಗಟ್ಟಿಯಾಗಿ ಅತ್ತಿತು. ಅವನ ಭುಜ ಬಿಗಿದುಕೊಂಡಿತು. ಅಳು ನಿಂತು ಹೆಂಗಸರ ನಗು ಕೇಳಿದ ಮೇಲೆ ಸಡಿಲಾಯಿತು.

ಮಲ್ಲಮ್ಮ ಬಾಗಿಲು ತೆರೆದಾಗ ವೈಶಾಲಿಯೂ ಕೂಸೂ ಒಳಗೆ ಹೋಗಿದ್ದರು. ನಮ್ಮ ಕೈಗೆ ಪುಟಾಣಿ ಕಡಲೆ, ಬೆಲ್ಲ ಕೊಟ್ಟರು. ಗುಂಡಿನ ಮೇಲೆ ಕಾಡಿಗೆಯ ಕಣ್ಣು ಬರೆದಿದ್ದರು, ಒಂದು ಮೇಲೆ, ಒಂದು ತುಸು ಕೆಳಗೆ. ಡ್ರಾಯಿಂಗ್ ಮಾಸ್ತರನ ಕೈ ಸುಮ್ಮನಿರಲಿಲ್ಲ, ಬಲಗಣ್ಣು ಸ್ವಲ್ಪ ಎತ್ತಬೇಕು ಎಂದು ತುಡಿಯಿತು. ಮುಂದೆ ಬಗ್ಗಿ ನೋಡಿದರೆ, ಆ ಓರೆಯಿಂದಲೇ ಅವಳು ನೇರ ವೈಶಾಲಿಯ ಬಾಗಿಲನ್ನು ನೋಡುವಂತೆ ಕಾಣುತ್ತಿತ್ತು. ಹಿಂದೆ ಸರಿದೆ. ರಾತ್ರಿ ದೇವಿಯನ್ನು ಒಂಟಿ ಬಿಡುವಂತಿಲ್ಲವೆಂದು ಕುಸುಮತಾಯಿ ಬಾಗಿಲು ತೆರೆದಿಟ್ಟು ಹೊಸ್ತಿಲ ಪಕ್ಕವೇ ಮಲಗಿದರು. ನಾನು ಹಾಲಿನ ಸೋಫಾದಲ್ಲಿ ಮಲಗಿ, ಲಿಫ್ಟಿನಲ್ಲಿ ಯಾರಾದರೂ ಬಂದು ಎಡವುತ್ತಾರೇನೋ ಎಂದು ಚಿಂತಿಸುತ್ತ ಚೆನ್ನಾಗಿ ನಿದ್ದೆ ಹೋದೆ.

ಬೆಳಿಗ್ಗೆ ಎದ್ದಾಗ ಕಾರಿಡಾರು ಖಾಲಿಯಿತ್ತು. ಕುಸುಮತಾಯಿ ಮುಂಜಾನೆಯೇ ಸಟಿವೆವ್ವನ ಉಡಿ ತುಂಬಿ, ಮಗಳನ್ನು ಕಳಿಸಿಕೊಡುವ ಹಾಗೆ ಕಳಿಸಿ, ಗುಂಡನ್ನು ತೊಳೆದಿದ್ದರು. ಹಾಳೆಯ ಮೇಲೆ ಏನೂ ಇರಲಿಲ್ಲ, ಇರುವುದೂ ಇಲ್ಲವಂತೆ. ಅದನ್ನು ಮಡಚಿ ತೊಟ್ಟಿಲ ಹಾಸಿಗೆಯ ಕೆಳಗೆ ಇಟ್ಟಿದ್ದರು. ಅಡಿಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಅದೇ ಗುಂಡಿನಿಂದ ಬೆಳ್ಳುಳ್ಳಿ, ಒಣಕೊಬ್ಬರಿ, ಮೆಣಸಿನಕಾಯಿ ಕುಟ್ಟುತ್ತಿದ್ದರು. ಮಿಕ್ಸರಿನದು ಬಾಣಂತಿಗೆ ರುಚಿಸುವುದಿಲ್ಲ ಎಂದರು. ಬಿಸಿ ಜೋಳದ ಭಾಕರಿಯೊಂದಿಗೆ ನನಗೂ ಬಡಿಸಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಎರಡು ಸಲ ಹಾಕಿಸಿಕೊಂಡೆ. ಕಲ್ಲನ್ನು ಮರಳಿ ಒಯ್ಯುವ ಮಾತನ್ನು ಯಾರೂ ಎತ್ತಲಿಲ್ಲ. ನನ್ನ ತೊಡೆಯ ನೀಲಿ ಕಲೆ ನೆನೆದು ನಾನೂ ಎತ್ತಲಿಲ್ಲ.

ಹೊರಡುವ ಮೊದಲು ವೈಶಾಲಿಗೆ ಹೇಳಿಹೋಗೋಣವೆಂದು ಕೋಣೆಯ ಬಾಗಿಲು ತುಸು ಸರಿಸಿದೆ. ಕೂಸು ಎಚ್ಚರವಾಗಿತ್ತು. ಫ್ಯಾನಿನ ಕಡೆಗೆ ಕಣ್ಣರಳಿಸಿಕೊಂಡು ಒಂದು ಮುಷ್ಟಿ ಗಾಳಿಯಲ್ಲಿ ಆಡಿಸುತ್ತಿತ್ತು. ವೈಶಾಲಿ ಗೋಡೆಯ ಕಡೆ ಹೊರಳಿ, ಕೂಸಿಗೆ ಬೆನ್ನು ಹಾಕಿ, ಬಾಯಿ ಅರೆತೆರೆದು ಮಲಗಿದ್ದಳು. ಎರಡೂ ಕೈ ಅವಳ ಕೆನ್ನೆಯ ಕೆಳಗಿದ್ದವು. ನಿಖಿಲ ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಕಳಿಸಿದ.

ಗಾಡಿತಳದಲ್ಲಿ ಸೊಲ್ಲಾಪುರದ ಬಸ್ಸಿಗೆ ಕಾಯುತ್ತ ನಿಂತಾಗ ಗಂಗಕ್ಕನ ಫೋನು ಬಂತು. ಕಾರಿಡಾರಿನ ಕಥೆಯನ್ನು ಹೇಗೆ ಹೇಳಬೇಕೆಂದು ನಾನು ಮನಸ್ಸಿನಲ್ಲೇ ತಯಾರಾಗುತ್ತಿದ್ದೆ. ಅವಳು ಕಲ್ಲಿನ ಸುದ್ದಿಯನ್ನೇ ಕೇಳಲಿಲ್ಲ.

"ವೈಶಾಲಿ ಏನ್ ಮಾಡಾಕತ್ಯಾಳ?"

"ಮಲಗ್ಯಾಳ," ಎಂದೆ. "ಮಧ್ಯಾಹ್ನ ಆಗಾಕ ಬಂತು, ಇನ್ನೂ ಎದ್ದಿಲ್ಲ."

ಲಾರಿಗಳ ಹಾರ್ನಿನಲ್ಲಿ ಲೈನು ಕಡಿದಿರಬೇಕೆಂದು ನಾನು ಎರಡು ಸಲ ಹಲೋ ಎಂದೆ.

"ಅದೀನಿ," ಎಂದಳು ಅಕ್ಕ. "ಯಾರೂ ಎಬ್ಬಸಬ್ಯಾಡ್ರಿ ಅಂತ ಹೇಳ್."